ನರ್ಸು, ಗಿಳಿ, ಸಾಹೇಬರು

ಒಂಬತ್ತು ವರ್ಷಕ್ಕೆ ಐದು ಕಂಪನಿ. ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ಚುರುಕು ಹುಡುಗ ಅನ್ನುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಗದ್ದೆಗಳಲ್ಲಿ ಕೂಲಿ ಮಾಡಿ ಸವೆದ ನಮ್ಮಪ್ಪನ ಲೆಕ್ಕ ಬೇರೆ. "ಪೈರ ಒಟ್ಲಿಂದ ಕಿತ್ತು ಒಂದ್ ಸತಿ ನಾಟಿ ಆಕ್ತಾರೆ ಕಣ್ಲಾ. ಐದ್ ಸತಿ ಕಿತ್ತು ನೆಟ್ರೆ ಅದು ಪೈರಲ್ಲ, ಒಣುಲ್ಲು."

ನಾನೂ ಬಿಡಲಿಲ್ಲ. 1996ರಲ್ಲಿ ಇದೇ ಫಾರಂನಿಂದ ಬಂದ ಕೆಆರ್‌ಹೆಚ್-2 ಹೈಬ್ರಿಡ್ ಭತ್ತದ ಉದಾಹರಣೆ ಕೊಟ್ಟೆ. ಪ್ರತಿಸಲ ಹೊಸ ಬೀಜ ತಂದರೇ ಅಲ್ಲವೇ ಇಳುವರಿ? ಅಪ್ಪ ಬೀಡಿ ಹಚ್ಚಿದರು. ಹೈಬ್ರಿಡ್ ಹುರುಪು ಒಂದೇ ತಲೆಮಾರಿಗೆ ಅನ್ನುವುದು ನನಗೂ ಗೊತ್ತಿತ್ತು. ನನ್ನ ಸಂಬಳದ ಹುರುಪೂ ಮೊದಲನೇ ಅಪ್ರೈಸಲ್‌ವರೆಗೆ ಮಾತ್ರ.

ಐದನೇ ಸಾಹೇಬರದೇ ಬೇರೆ ತಳಿ. ಮೈಸೂರಿನವರೇ, ಆದರೆ ಎರಡು ವರ್ಷದಲ್ಲಿ ಅವರ ಬಾಯಿಂದ ಒಂದು ಕನ್ನಡ ಪದ ಉದುರಿದ್ದನ್ನು ಕೇಳಿದವರಿಲ್ಲ. ರಾತ್ರಿ ಹನ್ನೊಂದೂವರೆಗೆ "ಚಿಕ್ಕ ಕೆಲಸ" ಕಳಿಸುತ್ತಿದ್ದರು. ಬೆಳಿಗ್ಗೆ ಆ ಕೆಲಸ ಅವರ ಹೆಸರಿನಲ್ಲಿ ಮೇಲಕ್ಕೆ ಹೋಗಿರುತ್ತಿತ್ತು. ಆರನೇ ಕಂಪನಿಯ ಸಂದರ್ಶನಕ್ಕೆ ತಯಾರಾಗೋಣವೆಂದು ಜ್ವರದ ನೆಪ ಹೇಳಿ ಊರಿಗೆ ಬಂದೆ. ಜ್ವರ ಬಂದವನಿಗೂ ಮೀಟಿಂಗು ತಪ್ಪಲಿಲ್ಲ.

ಸಿಗ್ನಲ್ ಸಿಗುವುದು ಗದ್ದೆಬದುವಿನ ಹೊಂಗೆಮರದ ಕೆಳಗೆ ಮಾತ್ರ. ಭತ್ತ ಹಾಲುಗಟ್ಟುವ ಕಾಲ. ಅಟ್ಟಣೆಯ ಮೇಲೆ ಕವಣೆ, ತಗಡಿನ ಡಬ್ಬ ಇಟ್ಟುಕೊಂಡು ಹಕ್ಕಿ ಕಾಯುವ ಅಜ್ಜಿ. ನಾನು ಕ್ಯಾಮೆರಾ ಆರಿಸಿದೆ. ಮೈಕನ್ನೂ ಆರಿಸಿದ್ದೇನೆಂದುಕೊಂಡೆ.

ಈ ಸಲದ ಇನ್ಸೆಂಟಿವ್ ನಮಗಿಲ್ಲವಂತೆ; ಸಾಹೇಬರಿಗೆ ಬಡ್ತಿಯಂತೆ. "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹದಿನಾಲ್ಕು ಜನ ಉಸಿರು ಬಿಗಿಹಿಡಿದೆವು. ಒಬ್ಬರ ಫ್ಯಾನು ತಿರುಗುವುದೂ ಕೇಳುತ್ತಿತ್ತು.

"ಓಗ್ರೋ, ಓಗ್ರೋ! ತಿಂದಿದ್ದು ಸಾಕು! ಇನ್ನೊಬ್ರ ಬೆವರು ತಿನ್ನಕ್ಕೆ ನಾಚ್ಕೆ ಆಗಕಿಲ್ವಾ ನಿಮ್ಗೆ!"

ಡಣ್. ಡಣ್. ಡಣ್.

"ಯಾರ್ರೀ ಅದು?"

ಕನ್ನಡ! ಅಚ್ಚ ಅಗ್ರಹಾರದ ಕನ್ನಡ! ಆ ಗಾಬರಿಯಲ್ಲೂ ನನಗೆ ರೋಮಾಂಚನವಾಯಿತು.

"ನಂದೇ ಸರ್... ಆಸ್ಪತ್ರೇಲಿದ್ದೀನಿ. ನರ್ಸು."

"ನರ್ಸು ಹಾಗೆ ಬಯ್ತಾರಾ?"

"ಮಂಡ್ಯ ಕಡೆಯೋರು ಸರ್. ಪ್ರೀತಿ ಜಾಸ್ತಿ."

ಡಣ್.

"ಅದೇನ್ರೀ ಸದ್ದು?"

"ಇಂಜೆಕ್ಷನ್ ತಟ್ಟೆ ಸರ್."

ಅಷ್ಟರಲ್ಲಿ ಗಿಳಿಗಳ ದಂಡೊಂದು ಕೀ ಕೀ ಎಂದು ಕಿರುಚುತ್ತಾ ಹೊಂಗೆಮರಕ್ಕೇ ಬಂದಿಳಿಯಿತು.

"ಅದು?"

"ಮಕ್ಕಳ ವಾರ್ಡು ಸರ್."

ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇಂಗ್ಲಿಷಿಗೆ ಮರಳಿ, ಬೇಗ ಗುಣಮುಖನಾಗು ಎಂದು ಹಾರೈಸಿದರು. ಹದಿಮೂರು ಜನ ಒಬ್ಬೊಬ್ಬರಾಗಿ ನನಗೆ ಖಾಸಗಿಯಾಗಿ ಕೈಮುಗಿಯುವ ಚಿತ್ರ ಕಳಿಸಿದರು. ಮೀಟಿಂಗಿನಲ್ಲಿ ಮಾತ್ರ ಒಬ್ಬನೂ ತುಟಿ ಬಿಚ್ಚಿರಲಿಲ್ಲ. ನಾನೂ ಬಿಚ್ಚಿರಲಿಲ್ಲವಲ್ಲ, ಆ ಉರಿ ಇನ್ನೂ ಇದೆ.

ಬದುವಿನ ಮೇಲೆ ವಾಪಸು ಬರುವಾಗ ಅಪ್ಪ ಜೊತೆಯಾದರು. ರಾಗಿ ತಾಕು ಕಂಡರೆ ಅವರಿಗೆ ಫಾರಂನ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನೆನಪಾಗಲೇಬೇಕು. ರಾಗಿ ಹೂವು ಕಣ್ಣಿಗೇ ಕಾಣದಷ್ಟು ಸಣ್ಣದು, ತನ್ನೊಳಗೇ ಗರ್ಭ ಕಟ್ಟಿಕೊಳ್ಳುವಂಥದ್ದು. ಅಂಥದ್ದರ ಜೊತೆ ಒಬ್ಬ ಮನುಷ್ಯ ದಶಕಗಟ್ಟಲೆ ಕೂತು ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ತೆಗೆದರು. ಆಮೇಲೆ ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್. ಅಮ್ಮ ನನಗೆ ಮುದ್ದೆ ಕಟ್ಟಿದ್ದು ಆ ರಾಗಿಯಲ್ಲೇ. ಲಕ್ಷ್ಮಣಯ್ಯನವರ ಮೇಲಧಿಕಾರಿ ಯಾರಿದ್ದರೋ, ರಾತ್ರಿ ಹೊತ್ತು ಯಾವ ಚಿಕ್ಕ ಕೆಲಸ ಕೊಡುತ್ತಿದ್ದರೋ, ಅಪ್ಪನಿಗೆ ನೆನಪಿಲ್ಲ. ನಾನು ಒಂಬತ್ತು ವರ್ಷದಲ್ಲಿ ತೆಗೆದ ತಳಿ ಯಾವುದು ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಟ್ಟಣೆಯ ಕೆಳಗೆ ಅಜ್ಜಿ ಎಲೆಯಡಿಕೆ ಹಾಕುತ್ತಾ ಕೂತಿತ್ತು. "ಯಾರ್ಲಾ ಅದು, ಪೋನಲ್ಲಿ ಅಂಗ್ ಒದರ್ತಿದ್ದೋನು?"

"ನಮ್ ಸಾಹೇಬ್ರು ಕಣಜ್ಜಿ."

"ಅಯ್ಯೋ ನಿನ್ ಮನೆ ಕಾಯೋಗ! ಮೊದ್ಲೇ ಯೋಳದಲ್ವಾ? ಕವಣೇಲಿ ಒಂದ್ ಕಲ್ಲು ಬೀಸ್ತಿದ್ದೆ."