ಆರೋಪಿ ನಂಬರ್ 14

ಸೇಡಂ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸುಸಲಾ-ಮಿರ್ಚಿ ಬರುವಷ್ಟರಲ್ಲಿ ನಮ್ಮ ಕೇಸಿನ ಕಾಕಾ ತಮ್ಮ ಮೇಲಿನ ಕೇಸುಗಳನ್ನು ಎಣಿಸಿ ಮುಗಿಸಿರುತ್ತಾರೆ. ಒಟ್ಟು ಒಂಬತ್ತು. 143, 147, 341 ಎಂದು ಐಪಿಸಿ ಕಲಮುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. 2024ರ ಜುಲೈನಲ್ಲಿ ಐಪಿಸಿ ಹೋಗಿ ಬಿಎನ್‌ಎಸ್ ಬಂದಾಗ ಊರಿನಲ್ಲಿ ಮನಸಾರೆ ನೊಂದವರು ಅವರೊಬ್ಬರೇ. ಮತ್ತೆ ಬಾಯಿಪಾಠ ಮಾಡುವ ವಯಸ್ಸೇ?

ಹೋರಾಟಗಾರ ವೈಜನಾಥ ಪಾಟೀಲರ ಬೆನ್ನಿಗೆ ನಿಂತು ಸಂವಿಧಾನದ 371(ಜೆ) ತಂದದ್ದು, ತೊಗರಿ ದರಕ್ಕೆ ರಸ್ತೆ ತಡೆದದ್ದು, ಜೈಲು ಕಂಡದ್ದು, ಎಲ್ಲಾ ತಾವೇ. ಜೈಲೆಂದರೆ ಕಲ್ಯಾಣ ಮಂಟಪ. ಮಧ್ಯಾಹ್ನ ಉಪ್ಪಿಟ್ಟು ತಿನ್ನಿಸಿ ಸಂಜೆ ಬಿಟ್ಟಿದ್ದರು. ಉಪ್ಪಿಟ್ಟಿನ ಸುದ್ದಿ ಮಾತ್ರ ಕಾಕಾ ಎತ್ತುವುದಿಲ್ಲ.

ಇಂಥಾದ್ದರಲ್ಲಿ ಡಲ್ಲಾಸಿನ ಮಗಳಿಗೆ ದಿನ ತುಂಬುತ್ತಾ ಬಂತು. ಕಾಕಾ, ಕಾಕು ಇಬ್ಬರಿಗೂ ಪಾಸ್‌ಪೋರ್ಟ್ ಬೇಕು. ಕಂಪ್ಯೂಟರ್ ಅಂಗಡಿಯ ಹುಡುಗ ಅರ್ಜಿ ತುಂಬುತ್ತಾ ತಲೆ ಎತ್ತಿದ. "ಕಾಕಾ, ನಿಮ್ಮ ಮ್ಯಾಲ ಕೇಸ್ ಏನರೆ ಅದಾವೇನ್ರಿ?"

ಕಾಕಾ ಆಚೆ ಈಚೆ ನೋಡಿದರು. "ಇಲ್ಲಂತ ಹೊಡಿ, ತಮ್ಮಾ."

"ಸುಳ್ಳು ಬರೆದ್ರ 12ನೇ ಕಲಂ ಅದರಿ, ಎರಡು ವರ್ಷದ ತನಕ ಸಜಾ" ಎಂದೆ.

"ಅಂದ್ರ ಹತ್ತನೇ ಕೇಸ್?" ಕಣ್ಣು ಮಿಂಚಿದ್ದು ಸುಳ್ಳಲ್ಲ. ಪಕ್ಕದಲ್ಲಿ ಕಾಕು ಇದ್ದರು, ಅಲ್ಲಿಗೇ ಆರಿತು. ಆಮೇಲೆ ಶುರುವಾಯಿತು ಸಿಟ್ಟು: "ವಾರಕ್ಕೆರಡು ಸಲ ಗಡಿ ದಾಟಿ ತಾಂಡೂರಿಗಿ ಹೋಗ್ತೀನಿ, ಯಾರರೆ ಕೇಳ್ಯಾರೇನು? ನೃಪತುಂಗ ಇಲ್ಲೇ ಮಳಖೇಡದಾಗ ಕುಂತು ಗೋದಾವರಿ ತನಕ ಆಳಿದ. ಅವನ ಮನಿಗಿ ಯಾವ ಪೊಲೀಸ್ ಬಂದಿದ್ದ?"

ಕೊನೆಗೆ ವಕೀಲರ ಹತ್ತಿರ ಹೋದೆವು. ಅವರು ಸಮಾಧಾನದಿಂದ ತಿಳಿಹೇಳಿದರು. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆದಿದ್ದರೆ ಅದೇ ಕೋರ್ಟಿನ ಪರವಾನಗಿ ಬೇಕು. ಪರವಾನಗಿಯಲ್ಲಿ ಅವಧಿ ಬರೆದಿರದಿದ್ದರೆ ಪಾಸ್‌ಪೋರ್ಟ್ ಒಂದೇ ವರ್ಷಕ್ಕೆ. ಮುಂದೆ ಅಮೆರಿಕಾದ ವೀಸಾ ಅರ್ಜಿ ಬೇರೆ, ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ಉಪ್ಪಿಟ್ಟು ತಿಂದು ಬಂದವರಿಗೆಂದು ಅದರಲ್ಲಿ ಬೇರೆ ಕಾಲಂ ಇಲ್ಲ.

ದಾಖಲೆ ತೆಗೆಸಿದರೆ ಒಂಬತ್ತರಲ್ಲಿ ಏಳು ಎಲ್ಲೂ ದಾಖಲೇ ಆಗಿಲ್ಲ. ಬದುವಿನ ಜಗಳ ಲೋಕ ಅದಾಲತಿನಲ್ಲಿ ರಾಜಿಯಾಗಿದೆ. ಉಳಿದದ್ದು ತೊಗರಿಯ ರಸ್ತೆ ತಡೆ. ವಕೀಲರ ಬೆರಳು ದೋಷಾರೋಪ ಪಟ್ಟಿಯ ಮೊದಲ ಪುಟದಲ್ಲಿ ಇಳಿಯಿತು, ಇಳಿಯಿತು, ಪುಟ ತಿರುವಿತು.

"ನೀವು ಆರೋಪಿ ನಂಬರ್ 14, ಕಾಕಾ."

ಕಾಕಾ ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ನೋಡಿದರು. "ಟ್ರ್ಯಾಕ್ಟರ್ ಮ್ಯಾಲ ನಿಂತಾಂವ ನಾನ್ರಿ! ಟೈಪಿಂಗ್ ತಪ್ಪಾಗ್ಯಾದ." ಒಂದನೇ ಆರೋಪಿ ಯಾರೆಂದು ನೋಡಿದರೆ ನಮ್ಮ ಹೋಟೆಲಿನವನೇ. ಆ ದಿನ ಹಾಲಿನ ಕ್ಯಾನು ತರಲು ಹೊರಟವನು ಗದ್ದಲ ನೋಡುತ್ತಾ ನಿಂತಿದ್ದನಂತೆ.

ಪರವಾನಗಿಯ ಅರ್ಜಿ ಪೇಶಿಯಿಂದ ಪೇಶಿಗೆ ಹೋಗುತ್ತಲೇ ಇತ್ತು. ಕಾಕು ಕಲಬುರಗಿಗೆ ಹೋಗಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್, ವೀಸಾ ಎಲ್ಲಾ ಕೈಗೆ ಬಂದು, ಶೇಂಗಾ ಚಟ್ನಿ, ಅಂಟಿನುಂಡಿ ಕಟ್ಟಿಕೊಂಡು ಶಂಷಾಬಾದಿನಿಂದ ಹಾರಿಯೇಬಿಟ್ಟರು. ಜೀವಮಾನದಲ್ಲಿ ಕಾಕಾನನ್ನು ಬಿಟ್ಟು ಅವರು ಹೋದ ಅತಿ ದೂರದ ಊರು ಅದಕ್ಕೆ ಮುಂಚೆ ಚಿಂಚೋಳಿ.

ವಾರ ಕಳೆದು ಕಾಕಾ ಮತ್ತೆ ಹೋಟೆಲಿಗೆ ಬಂದರು. "ನಾ ಬಂದ್ರ ಗದ್ದಲ ಆಗ್ತದಂತ ಅಮೆರಿಕಾದವ್ರೇ ಅಂಜ್ಯಾರ. ಹನ್ನೊಂದು ಕೇಸ್ ಇರಾವ್ನಿಗಿ ಹೆಂಗ ಒಳಗ ಬಿಟ್ಟಾರು?"

ಹೋಟೆಲಿನವನು ಟೇಬಲ್ ಒರೆಸಿ ಚಹಾ ಇಟ್ಟ. "ಖರೇ ಅದರಿ, ಕಾಕಾ" ಎಂದ.