ಹೊಳ್ಳಿ ಸಾಲಿಗೆ: ಚಿಕ್ಕೋಡಿ ಸೀಮೆಯ ನಡುವಯಸ್ಸಿನ ವಿದ್ಯಾರ್ಥಿಗಳ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಕಸುಬು ಬದಲಿಸುವ ಉದ್ದೇಶದಿಂದ ನಡುವಯಸ್ಸಿನಲ್ಲಿ ಮತ್ತೆ ಪಾಠಕ್ಕೆ ಕೂರುವ ಪ್ರವೃತ್ತಿಯನ್ನು ಈ ಪ್ರಬಂಧದಲ್ಲಿ ‘ಮರುಸಾಲಿ’ ಎಂದು ಕರೆಯಲಾಗಿದೆ. ಸಾಲಿ ಎಂದರೆ ಶಾಲೆ ಎಂಬುದನ್ನು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರು ಕುಡಿದವರಿಗೆ ಹೇಳಬೇಕಾದ್ದಿಲ್ಲ. ಆದರೆ ಮೈಸೂರು ಕಡೆಯ ಓದುಗರು ಇದನ್ನು ಸಾಲಿನಲ್ಲಿ ನಿಲ್ಲುವುದೆಂದೋ ಸಾಲ ಮಾಡುವುದೆಂದೋ ತಿಳಿಯುವ ಸಂಭವವಿರುವುದರಿಂದಲೂ, ದಾಖಲಾತಿಯ ದಿನ ಆ ಎರಡು ಅರ್ಥಗಳೂ ನಿಜವೇ ಆಗುವುದರಿಂದಲೂ ವಿವರಣೆ ಅಗತ್ಯವೆನಿಸಿತು.

ಅಧ್ಯಯನಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಈ ನೆಲಕ್ಕೇ ದೊಡ್ಡ ವಯಸ್ಸಿನಲ್ಲಿ ಹುದ್ದೆ ಬದಲಿಸುವ ರೂಢಿ ಇರುವುದು. ಇದು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ನೌಕರಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಚಿಕ್ಕೋಡಿಯ ಕೈಕೆಳಗಿದ್ದ ನಿಪ್ಪಾಣಿಗೂ ಅಥಣಿಯ ಕೈಕೆಳಗಿದ್ದ ಕಾಗವಾಡಕ್ಕೂ 2018ರಲ್ಲಿ ತಾಲ್ಲೂಕೆಂಬ ಬಡ್ತಿ ಸಿಕ್ಕಿತು. ಚಿಕ್ಕೋಡಿಯಾದರೋ ಜಿಲ್ಲೆಯಾಗಬೇಕೆಂದು ದಶಕಗಳ ಕಾಲ ಅರ್ಜಿ ಹಾಕುತ್ತ, ಕಂದಾಯದ ಲೆಕ್ಕದಲ್ಲಿ ತಾಲ್ಲೂಕಾಗಿಯೇ ಉಳಿದು, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಪೂರ್ಣ ಜಿಲ್ಲೆಯೆನಿಸಿ, 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ಉತ್ತರ ಕನ್ನಡಗಳ ಬೆನ್ನಿಗೆ ಮೂರನೆಯ ಸ್ಥಾನವನ್ನೂ ಪಡೆಯಿತು. ಬೇರೆಲ್ಲ ಬಾಗಿಲು ಮುಚ್ಚಿದವರಿಗೆ ಸಾಲಿಯ ಬಾಗಿಲೊಂದು ತೆರೆದಿರುತ್ತದೆಂಬ ವಾದಕ್ಕೆ ಊರೇ ಸಾಕ್ಷಿ ನುಡಿದಂತಾಯಿತು.

ಇನ್ನು ನಡುವಯಸ್ಸು. ಈ ಸೀಮೆಯಲ್ಲಿ ಒಬ್ಬನಿಗೆ ಮೂರು ವಯಸ್ಸುಗಳಿರುತ್ತವೆ. ಮೊದಲನೆಯದು ತಾಯಿ ಹೇಳುವ ವಯಸ್ಸು. ಇದರ ಗಣನೆ ಹೊಳೆ ಊರೊಳಗೆ ಬಂದ ವರ್ಷದಿಂದಲೋ ಭಾರತ ಹುಣ್ಣಿಮೆಗೆ ಕೂಡುವ ಚಿಂಚಲಿ ಮಾಯಕ್ಕನ ಜಾತ್ರೆಯಿಂದಲೋ ಆರಂಭವಾಗುತ್ತದೆ. ಎರಡನೆಯದು ಕಾಗದದ ವಯಸ್ಸು. ಹೆಸರು ಹಚ್ಚುವ ದಿನ ಹೆಡ್‌ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ನಿಶ್ಚಯಿಸಿ, ತಾರೀಖಿನ ಜಾಗದಲ್ಲಿ ಯೋಚಿಸದೆ ಜೂನ್ 1 ಎಂದು ಬರೆದುಬಿಡುತ್ತಿದ್ದುದರಿಂದ, ಒಂದು ತಲೆಮಾರಿನ ದೊಡ್ಡ ಪಾಲು ಒಂದೇ ದಿನ ಹುಟ್ಟಿದೆ. ಇದೇ ಜನರಿಗಾಗಿ ಬಾಗಿಲು ತೆರೆದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ 1996ರ ಜೂನ್ 1ರಂದು ಎಂಬುದನ್ನು ಗಮನಿಸಿದರೆ, ಅದರ ಹೆಸರು ಹಚ್ಚಿದವರೂ ಯಾರೋ ಹೆಡ್‌ಮಾಸ್ತರರೇ ಇರಬೇಕೆಂಬ ಅನುಮಾನ ಬಲವಾಗುತ್ತದೆ. ಮೂರನೆಯದು ಮೊಣಕಾಲಿನ ವಯಸ್ಸು; ಹೈಸ್ಕೂಲು ಹುಡುಗರ ಅಳತೆಗೆ ಮಾಡಿದ ಬೆಂಚು ಮತ್ತು ಡೆಸ್ಕಿನ ನಡುವೆ ಪರೀಕ್ಷೆಯ ದಿನ ಕಾಲು ತೂರಿಸುವಾಗ ಇದು ತಾನಾಗಿ ಗೊತ್ತಾಗುವುದರಿಂದ, ಮೂರರಲ್ಲಿ ಇದೊಂದೇ ನಂಬಲರ್ಹ.

ವಿದ್ಯಾಪೀಠಗಳ ಭೂಗೋಳವೂ ಗಹನವಾದುದು. ನಿಪ್ಪಾಣಿಯವರು ತಮ್ಮದೆಂದೇ ಭಾವಿಸುವ ದೇವಚಂದ ಕಾಲೇಜು ಇರುವ ಅರ್ಜುನನಗರ ಊರಿನ ಅಂಚಿನಲ್ಲೇ ಇದ್ದರೂ ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿಗೆ ಸೇರಿದೆ. ಆದ್ದರಿಂದ ವಿದ್ಯಾರ್ಥಿ ಮುಂಜಾನೆ ಚಹಾ ಕುಡಿದು ಹೊರರಾಜ್ಯಕ್ಕೆ ಹೋಗಿ, ಊಟದ ಹೊತ್ತಿಗೆ ಸ್ವದೇಶಕ್ಕೆ ಮರಳಬಲ್ಲ. ಸ್ವಂತ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೇ ಬೇಕೆನ್ನುವವನಿಗೆ ಅದರ ಕೇಂದ್ರಸ್ಥಾನ ಐನೂರು ಕಿಲೋಮೀಟರಿಗೂ ಆಚೆಯ ಮೈಸೂರಿನಲ್ಲಿದೆ. ದೂರಶಿಕ್ಷಣ ಎಂಬ ಪದದ ಪೂರ್ವಾರ್ಧ ಇಲ್ಲಿ ಅಲಂಕಾರವಲ್ಲ.

ಮರುಸಾಲಿಯ ಪ್ರಯೋಜನವೇನು ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಹಳೆಯ ಕಸುಬು ಬಿಟ್ಟು ಹೊಸದನ್ನು ಹಿಡಿಯುವುದು ಎಂದು ಪೇಟೆಯ ಪಂಡಿತರು ಹೇಳುತ್ತಾರೆ. ಕಬ್ಬಿನ ಸೀಮೆಯ ಮಟ್ಟಿಗೆ ಈ ಮತ ನಿಲ್ಲದು. ಇಲ್ಲಿ ಯಾರೂ ಯಾವುದನ್ನೂ ಬಿಡುವುದಿಲ್ಲ, ಕೊಟ್ಟಿಗೆಗೆ ಇನ್ನೊಂದು ಎಮ್ಮೆ ಕಟ್ಟಿದಂತೆ ಡಿಗ್ರಿಯನ್ನೂ ಕಟ್ಟಿಕೊಳ್ಳುತ್ತಾರೆ. ನಲವತ್ತೈದರ ರೈತ ಮೂರು ವರ್ಷದ ಕಾನೂನು ಪದವಿಗೆ ಸೇರುವುದು ಹೊಲ ಬಿಡಲಿಕ್ಕಲ್ಲ; ಕಬ್ಬು ಸಕ್ಕರೆ ಕಾರಖಾನೆ ತಲುಪಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು, ತಪ್ಪಿದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದಿದೆಯೆಂದು ಯಾರೋ ಹೇಳಿದ್ದನ್ನು ಕಣ್ಣಾರೆ ಓದಿ ನೋಡಲಿಕ್ಕೆ. ‘ಬಿಲ್ಲು’ ಎಂಬ ಪದ ಪುರಾಣದಲ್ಲಿ ಆಯುಧವನ್ನೂ ಈ ಸೀಮೆಯಲ್ಲಿ ಕಬ್ಬಿನ ಹಣವನ್ನೂ ಸೂಚಿಸುತ್ತದೆ. ಎರಡನ್ನೂ ಎತ್ತುವುದು ಸಾಮಾನ್ಯರಿಂದಾಗದು.

ಅಭ್ಯಾಸದ ವೇಳೆಯನ್ನು ನಿಶ್ಚಯಿಸುವುದು ವಿದ್ಯುತ್ತು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವುದರಿಂದ, ಅದನ್ನು ಕಾಯುತ್ತ ಪಂಪಿನ ಮನೆಯ ಬಲ್ಬಿನ ಕೆಳಗೆ ಕರಾರು ಕಾಯ್ದೆ ಓದಲಾಗುತ್ತದೆ. ಮೋಟರು ಹೊರಟಿತೆಂದರೆ ಪುಸ್ತಕ ಮುಚ್ಚಿ ನೀರು ತಿರುವಲು ಹೋಗಬೇಕು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸಿನ ಕ್ರಮ ಇದಕ್ಕಿಂತ ಪಕ್ವವಾದುದು. ಎಲೆ ಕತ್ತರಿಸಿ, ತಂಬಾಕು ಹರಡಿ, ಸುತ್ತಿ, ನೂಲು ಬಿಗಿಯುವ ಕೆಲಸಕ್ಕೆ ಆಕೆಯ ಬೆರಳು ಸಾಕು, ಕಣ್ಣು ಬೇಕಿಲ್ಲ; ಆದ್ದರಿಂದ ಹತ್ತನೆಯ ಇಯತ್ತೆಯ ಸಮಾಜ ಪುಸ್ತಕವನ್ನು ಮೊರದ ಅಂಚಿಗೆ ಆನಿಸಿಟ್ಟು, ತಂಬಾಕು ಮೆತ್ತಿದ ಬೆರಳು ತಾಗದಂತೆ ಮೊಣಕೈಯಿಂದ ಪುಟ ತಿರುವುತ್ತಾಳೆ. ಸಾವಿರ ಬೀಡಿಗೆ ಒಂದು ಪಾಠ ಎಂಬುದು ಆಕೆಯ ಲೆಕ್ಕ. ಈ ವಿಧಾನದ ಮುಂದೆ ಕೇವಲ ಕುಳಿತು ಓದುವವರು ಸೋಮಾರಿಗಳಂತೆ ತೋರುತ್ತಾರೆ.

ಶಾಸ್ತ್ರೋಕ್ತವಾದ ನಾಲ್ಕು ಆಶ್ರಮಗಳಲ್ಲಿ ಗೃಹಸ್ಥಾಶ್ರಮದ ಬಳಿಕ ವಾನಪ್ರಸ್ಥ ಬರುತ್ತದೆಯೇ ಹೊರತು ಮತ್ತೊಮ್ಮೆ ಬ್ರಹ್ಮಚರ್ಯ ಬರುವುದಿಲ್ಲ. ಈ ಲೋಪವನ್ನು ಊರ ಕಟ್ಟೆ ಬೇಗ ಗುರುತಿಸಿತು. ಅಲ್ಲಿ ದೊರೆತ ಪಠ್ಯ ಹೀಗಿದೆ: “ಯಾಕೋ ಮಾವಾ, ಸೊಸಿ ಬರೂ ಹೊತ್ತಿಗಿ ಪಾಟಿ ಹಿಡದಿ?” ಇಲ್ಲಿ ‘ಮಾವ’ ಎಂಬುದು ಸಂಬಂಧವಾಚಕವಲ್ಲ, ಸಲಿಗೆಯ ಸಂಬೋಧನೆ, ‘ಪಾಟಿ’ ಎಂದರೆ ಸ್ಲೇಟು, ಪ್ರಶ್ನಾರ್ಥಕವಿದ್ದರೂ ಉತ್ತರದ ಅಪೇಕ್ಷೆಯಿಲ್ಲ. ಮನೆಯಲ್ಲಿ ಸಂಗ್ರಹಿಸಿದ ಪಾಠಾಂತರ, “ಮಗನ ಫೀ ತುಂಬೂದ ಇನ್ನೂ ಐತಿ, ನಿಮ್ದ್ಯಾಕ್ರೀ ಈಗ?” ಎಂಬುದಕ್ಕೆ ಮಾತ್ರ ಉತ್ತರ ಕಡ್ಡಾಯವಾದರೂ ಈವರೆಗೆ ಯಾರಿಂದಲೂ ಬಂದಿಲ್ಲ.

ಪದವಿ ಬಂದ ಮೇಲೆ ಆಗುವುದೇನೆಂಬುದನ್ನು ಅಥಣಿಯ ಚಪ್ಪಲಿಯಿಂದ ತಿಳಿಯಬಹುದು. ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಹುಟ್ಟಿದ ನೆಲದ ಸರ್ಕಾರಿ ದಾಖಲೆ, ದೊರೆಯಿತಾದರೂ ಅಥಣಿಯಲ್ಲಿ ಹೊಲಿದದ್ದು ಕೊಲ್ಹಾಪುರಿ ಎಂದೇ ಮಾರಾಟವಾಗುತ್ತದೆ, ಅದನ್ನೇ ಹೋಲುವ ಜೋಡೊಂದು 2025ರ ಜೂನಿನಲ್ಲಿ (ಮತ್ತೆ ಜೂನ್!) ಮಿಲಾನಿನ ಫ್ಯಾಷನ್ ವೇದಿಕೆ ಏರಿದಾಗ ಮೊದಲಿಗೆ ಆ ಹೆಸರೂ ಇರಲಿಲ್ಲ. ಎಲ್‌ಎಲ್‌ಬಿ ಮುಗಿಸಿದ ರೈತನನ್ನೂ ಊರು ವಕೀಲ ಎನ್ನದೆ ‘ಕಬ್ಬಿನ ಮಾವ’ ಎಂದೇ ಕರೆಯುತ್ತದೆ. ಅವನ ಪದವಿಪತ್ರ ಗೋಡೆ ಏರುವುದಿಲ್ಲ. ಹೊಲದ ಉತಾರ, ಸೊಸೈಟಿಯ ಪಾಸ್‌ಬುಕ್ಕು, ತೂಕದ ಚೀಟಿಗಳಿರುವ ಪ್ಲಾಸ್ಟಿಕ್ ಚೀಲದೊಳಗೆ, ಎಲ್ಲಕ್ಕಿಂತ ಮೇಲೆ, ನಾಲ್ಕು ಮಡಿಕೆಯಾಗಿ ಕೂರುತ್ತದೆ. ಕಾರಖಾನೆಗೆ ಹೋಗುವ ದಿನ ಮೊದಲು ಕೈಗೆ ಸಿಗಬೇಕಾದ್ದು ಅದೇ.