ಅಧ್ಯಕ್ಷರೇ, ಅವಸರವೇನಿಲ್ಲ

ಇವರಿಗೆ,
ಮಾನ್ಯ ಅಧ್ಯಕ್ಷರು,
ಮುಂದಿನ ತನಿಖಾ ಆಯೋಗ,
ಕೊಲಂಬೊ.

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ನೇಮಕವೇ ಇನ್ನೂ ಆಗಿಲ್ಲವಲ್ಲ. ಆದರೆ ಆಗುತ್ತದೆ, ಚಿಂತೆ ಬೇಡ. ಶ್ರೀಲಂಕಾದಲ್ಲಿ ಚುನಾವಣೆ ಮುಂದಕ್ಕೆ ಹೋಗಬಹುದು, ಪೆಟ್ರೋಲು ಬತ್ತಬಹುದು, ರಾಷ್ಟ್ರಾಧ್ಯಕ್ಷರೇ ರಾತ್ರೋರಾತ್ರಿ ಮಾಲ್ಡೀವ್ಸ್‌ಗೆ ಹಾರಬಹುದು. ಯುದ್ಧಕಾಲದ ಹತ್ಯೆ, ಕಣ್ಮರೆಗಳ ವಿಚಾರಣೆಗೆ ಆಯೋಗವೊಂದು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಅಭಿನಂದನೆಯನ್ನು ಮುಂಗಡವಾಗಿಯೇ ಸಲ್ಲಿಸುತ್ತಿದ್ದೇನೆ.

ಕೆಲಸ ಕಷ್ಟದ್ದಲ್ಲ, ದಾರಿ ಚೆನ್ನಾಗಿ ಸವೆದಿದೆ. ರಾಷ್ಟ್ರಾಧ್ಯಕ್ಷೆ ಚಂದ್ರಿಕಾ ಕುಮಾರತುಂಗ 1994ರಲ್ಲಿ ವಲಯಕ್ಕೊಂದರಂತೆ ಮೂರು ಆಯೋಗ ಮಾಡಿದರು. 2006ರಲ್ಲಿ ಉದಲಗಮ ಆಯೋಗ, 2010ರಲ್ಲಿ ‘ಪಾಠ ಕಲಿಕೆ ಮತ್ತು ಸಾಮರಸ್ಯ’ದ ಆಯೋಗ, 2013ರಲ್ಲಿ ಪರಣಗಮ ಆಯೋಗ. ಇಷ್ಟಾದ ಮೇಲೆ ವರದಿಗಳ ರಾಶಿ ನೋಡಿ ಆಗಿನ ರಾಷ್ಟ್ರಾಧ್ಯಕ್ಷ ಗೊಟಬಯ ರಾಜಪಕ್ಸರಿಗೆ 2021ರ ಜನವರಿಯಲ್ಲಿ ಹೊಳೆದ ಉಪಾಯಕ್ಕೆ ತಲೆದೂಗಲೇಬೇಕು: ಹಿಂದಿನ ಆಯೋಗಗಳು ಏನು ಹೇಳಿದ್ದವು ಎಂದು ಪರಿಶೀಲಿಸುವುದಕ್ಕೇ ಒಂದು ಆಯೋಗ! ನ್ಯಾಯಮೂರ್ತಿ ನವಾಜ್ ಅದರ ಅಧ್ಯಕ್ಷರು. ಮಾರ್ಚಿನಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಶ್ರೀಲಂಕಾದ ವಿಷಯ ಬರುವುದಿತ್ತು. ಮುಹೂರ್ತ ಚೆನ್ನಾಗಿಯೇ ಕೂಡಿಬಂತು. ನವಾಜ್ ಆಯೋಗ ಹೇಳಿದ್ದನ್ನು ಪರಿಶೀಲಿಸುವ ಭಾಗ್ಯ ಬಹುಶಃ ನಿಮ್ಮದು.

ಹೊರಗಿನವರು ಬಂದು ಮೂಗು ತೂರಿಸುತ್ತಾರೆಂಬ ಅಂಜಿಕೆ ಇದ್ದರೆ ಉದಲಗಮ ಆಯೋಗದ ಕಡತ ತರಿಸಿಕೊಳ್ಳಿ. ಟ್ರಿಂಕೋಮಲಿಯ ಕಡಲತೀರದಲ್ಲಿ ಕೊಲೆಯಾದ ಐವರು ವಿದ್ಯಾರ್ಥಿಗಳು, ಮುತ್ತೂರಿನಲ್ಲಿ ಸತ್ತ 17 ಮಂದಿ ಪರಿಹಾರ ಕಾರ್ಯಕರ್ತರು ಸೇರಿ 16 ಪ್ರಕರಣಗಳು ಅದರ ಮುಂದಿದ್ದವು. ತನಿಖೆ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಅಂತರರಾಷ್ಟ್ರೀಯ ಗಣ್ಯರ ತಂಡವೊಂದನ್ನು ಕೂರಿಸಿದ್ದರು. ಅದರ ಮುಖ್ಯಸ್ಥರು ನಮ್ಮ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ. ಬಡವನ ಒಂದು ಕಾಗದವನ್ನೇ ರಿಟ್ ಅರ್ಜಿಯೆಂದು ಎತ್ತಿಕೊಳ್ಳಬಹುದೆಂದು ಭಾರತಕ್ಕೆ ತೋರಿಸಿದ ನ್ಯಾಯಾಧೀಶರವರು. ಅಂಥವರೂ 2008ರಲ್ಲಿ, ಇಲ್ಲಿ ಸತ್ಯ ಹುಡುಕುವ ರಾಜಕೀಯ ಇಚ್ಛೆಯೇ ಕಾಣುತ್ತಿಲ್ಲವೆಂದು ತಂಡದೊಂದಿಗೆ ಹೊರನಡೆದರು. ನೋಡಿ, ಯಾರನ್ನೂ ಓಡಿಸಬೇಕಾಗಿಲ್ಲ. ಕಾಯಿಸಿದರೆ ಸಾಕು, ತಾವೇ ಎದ್ದು ಹೋಗುತ್ತಾರೆ. ಟ್ರಿಂಕೋಮಲಿ ಪ್ರಕರಣದ 13 ಆರೋಪಿಗಳು ಸಾಕ್ಷ್ಯ ಸಾಲದೆಂದು 2019ರಲ್ಲಿ ಬಿಡುಗಡೆಯಾದರು.

ಹಳೆಯ ಕಥೆಯೊಂದನ್ನು ನೀವು ಮರೆತಿದ್ದರೆ ನೆನಪಿಸುತ್ತೇನೆ. 1990ರಲ್ಲಿ ವಿರೋಧ ಪಕ್ಷದ ಯುವ ಸಂಸದರೊಬ್ಬರು ಜಿನೀವಾಕ್ಕೆ ಹೊರಟಿದ್ದರು. ಬ್ಯಾಗಿನಲ್ಲಿ, ದಕ್ಷಿಣ ಶ್ರೀಲಂಕಾದಲ್ಲಿ ಎಡಪಂಥೀಯ ಜೆವಿಪಿ ಪಕ್ಷದ ದಂಗೆ ಅಡಗಿಸುವಾಗ ಕಾಣೆಯಾದ ಸಿಂಹಳ ಯುವಕರ ಫೋಟೊ ಮತ್ತು ದಾಖಲೆಗಳು. ತಾಯಂದಿರ ಕಣ್ಣೀರನ್ನು ಜಗತ್ತು ನೋಡಲಿ ಎಂಬ ಆಸೆ. ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಪೊಲೀಸರು ತಡೆದು ಕಾಗದಪತ್ರ ಕಿತ್ತುಕೊಂಡರು. ದೇಶದೊಳಗಿನ ಗೋಳನ್ನು ವಿದೇಶಕ್ಕೆ ಒಯ್ಯುವುದು ದ್ರೋಹವಲ್ಲ ಎಂದು ಅಂದು ನಂಬಿದ್ದ ಆ ಸಂಸದರ ಹೆಸರು ಮಹಿಂದ ರಾಜಪಕ್ಸ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಲ್‌ನಲ್ಲಿ ತಮಿಳು ಹುಲಿಗಳ (ಎಲ್‌ಟಿಟಿಇ) ವಿರುದ್ಧದ ಯುದ್ಧ ಮುಗಿದಾಗ ರಾಷ್ಟ್ರಾಧ್ಯಕ್ಷರಾಗಿದ್ದವರೂ ಅವರೇ. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40 ಸಾವಿರದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿದಾಗ ಅವರಿಗೆ ಜಿನೀವಾ ಎಂಬ ಊರೇ ಬೇಡವಾಗಿತ್ತು. ಇಂದು ಅಧಿಕಾರದಲ್ಲಿರುವುದು ಅದೇ ಜೆವಿಪಿ ನೇತೃತ್ವದ ಸರ್ಕಾರ. ತಮ್ಮ ಹುಡುಗರನ್ನು ಚಿತ್ರಹಿಂಸೆಗೊಳಪಡಿಸಿದ ಬಟಲಂದ ಶಿಬಿರದ ವರದಿಯನ್ನು ಅವರು 2025ರಲ್ಲಿ ಸಂಸತ್ತಿನ ಮುಂದಿಟ್ಟರು. ವರದಿ 25 ವರ್ಷಕ್ಕೂ ಮಿಕ್ಕಿ ಧೂಳು ತಿಂದಿತ್ತು. ಮಾಡಬೇಕಾದ ಕೆಲಸವೇ. ಆದರೆ ತಮಿಳರ ವಿಷಯಕ್ಕೆ ಜಿನೀವಾದಲ್ಲಿ ಸಾಕ್ಷ್ಯ ಕೂಡಿಡುವುದು ಮಾತ್ರ ಅವರಿಗೂ ಬೇಡ.

ಇನ್ನು ಜಿನೀವಾ. ಅಲ್ಲಿಯವರು ತುಂಬ ಒಳ್ಳೆಯವರು, ಗಡುವು ಕೇಳಿದರೆ ಕೊಡುತ್ತಾರೆ. ಯುದ್ಧ ಮುಗಿದ ಹತ್ತೇ ದಿನದೊಳಗೆ ನಿಮ್ಮ ಸರ್ಕಾರದ ಬೆನ್ನು ತಟ್ಟಿದ ನಿರ್ಣಯ ಅಲ್ಲಿ ಪಾಸಾಯಿತು, ಭಾರತವೂ ಕೈಯೆತ್ತಿತ್ತು. 2015ರಲ್ಲಂತೂ ಶ್ರೀಲಂಕಾ ತಾನೇ ಸಹಪ್ರಾಯೋಜಕನಾಗಿ ವಿದೇಶಿ ನ್ಯಾಯಾಧೀಶರೂ ಇರುವ ವಿಶೇಷ ನ್ಯಾಯಾಲಯ ಮಾಡುತ್ತೇನೆಂದಿತು. 2017ರಲ್ಲಿ ಎರಡು ವರ್ಷ ಕೊಟ್ಟರು. 2019ರಲ್ಲಿ ಮತ್ತೆ ಎರಡು ವರ್ಷ. 2020ರಲ್ಲಿ ಶ್ರೀಲಂಕಾ ಆ ಮಾತಿನಿಂದಲೇ ಹಿಂದೆ ಸರಿಯಿತು. ಆಯೋಗಗಳ ಅವಧಿ ವಿಸ್ತರಣೆ ನೋಡಿ ನೋಡಿ ಬೆಳೆದ ಕರ್ನಾಟಕದವರಾದ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಆದರೆ 2021ರ ಮಾರ್ಚಿನಲ್ಲಿ ಮಂಡಳಿ ಒಂದು ಕಿರಿಕಿರಿಯ ಕೆಲಸ ಮಾಡಿತು. ಸಾಕ್ಷ್ಯಗಳನ್ನು ಸಂಗ್ರಹಿಸಿ, ಕಾಪಾಡಿ, ಯಾವುದೋ ದೇಶದ ಕೋರ್ಟಿಗೆ ಎಂದಾದರೂ ಬೇಕಾದರೆ ಒದಗಿಸಲು ಪುಟ್ಟದೊಂದು ತಂಡವನ್ನು ಕೂರಿಸಿತು. ನಿಮ್ಮ ನೆಮ್ಮದಿಗೆ ಭಂಗ ತರುವುದು ಇದೊಂದೇ ಎಂದು ನನ್ನೆಣಿಕೆ. ಅಪರಾಧಿಗೆ ಕ್ಷಮಾದಾನ ಕೊಡಬಹುದು; ಮಿರುಸುವಿಲ್‌ನಲ್ಲಿ ಮಕ್ಕಳೂ ಸೇರಿ ಎಂಟು ತಮಿಳರನ್ನು ಕೊಂದದ್ದಕ್ಕೆ ಗಲ್ಲು ಶಿಕ್ಷೆಯಾಗಿ, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದ ಮೇಲೆ, ಸೈನ್ಯದ ಸಾರ್ಜೆಂಟನೊಬ್ಬನನ್ನು 2020ರ ಕೋವಿಡ್ ಗದ್ದಲದ ನಡುವೆ ಮನೆಗೆ ಕಳಿಸಲಿಲ್ಲವೇ? ಪರದೇಶದಲ್ಲಿ ಭದ್ರವಾಗಿ ಕೂತ ಕಡತಕ್ಕೆ ಆ ಸೌಲಭ್ಯವಿಲ್ಲ.

ಬರೀ ಸೈನ್ಯದ ಮೇಲೇ ಗೂಬೆ ಕೂರಿಸುತ್ತೀರೆಂದು ನೀವು ಅನ್ನಬಹುದು. ನಿಜ, ಎಲ್‌ಟಿಟಿಇ ಕೂಡ ಶಾಲೆಯ ಮಕ್ಕಳ ಕೈಗೆ ಬಂದೂಕು ಕೊಟ್ಟಿತು, 1990ರಲ್ಲಿ ಉತ್ತರದ ಮುಸ್ಲಿಮರನ್ನು ಉಟ್ಟ ಬಟ್ಟೆಯಲ್ಲಿ ಹೊರಹಾಕಿತು, ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿಗೆ ನಿಂತವರನ್ನು ಕೊಂದಿತು, ಕೊನೆಗೆ ತಪ್ಪಿಸಿಕೊಂಡು ಓಡುತ್ತಿದ್ದ ತನ್ನ ಜನರ ಮೇಲೇ ಗುಂಡು ಹಾರಿಸಿತು. ರಾಜೀವ್ ಗಾಂಧಿ ಹತ್ಯೆಯ ಶಿವರಾಸನ್ ತಂಡ 1991ರ ಆಗಸ್ಟ್‌ನಲ್ಲಿ ಹೆಣವಾಗಿ ಸಿಕ್ಕಿದ ಕೋಣನಕುಂಟೆ ಬೆಂಗಳೂರಿನವರಿಗೆ ದೂರವಲ್ಲ, ಹಾಗಾಗಿ ಹುಲಿಗಳ ಬಗ್ಗೆ ನಮಗೆ ಭ್ರಮೆಯಿಲ್ಲ. ಆದರೆ ಬದುಕಿದ್ದ ಹುಲಿಯೊಬ್ಬನನ್ನು ಸರ್ಕಾರ ಏನು ಮಾಡಿತು? ಪೂರ್ವದ ಕಮಾಂಡರ್ ಕರುಣಾ ಹುಲಿಗಳನ್ನು ಬಿಟ್ಟು ಬಂದ ಮೇಲೆ ಅವರನ್ನು ರಾಷ್ಟ್ರೀಯ ಏಕೀಕರಣ ಸಚಿವರನ್ನಾಗಿ ಮಾಡಿತು. 2025ರ ಮಾರ್ಚಿನಲ್ಲಿ ಬ್ರಿಟನ್ ಮೂವರು ಮಾಜಿ ಸೇನಾನಾಯಕರ ಜೊತೆ ಅದೇ ಕರುಣಾ ಮೇಲೂ ನಿರ್ಬಂಧ ಹೇರಿತು. ಎದುರಾಳಿಗಳನ್ನು ಒಂದೇ ಪಟ್ಟಿಗೆ ತಂದ ಲಂಡನ್ನೇ ಕೊನೆಗೆ ಏಕೀಕರಣ ಸಾಧಿಸಿತೆನ್ನಬೇಕು.

ನಿಮ್ಮ ಆಯೋಗ ಉತ್ತರಕ್ಕೆ ಹೋಗುವುದಾದರೆ ಒಂದು ಸೂಚನೆ. ಕಿಲಿನೊಚ್ಚಿ, ವವುನಿಯಾಗಳಲ್ಲಿ 2017ರ ಫೆಬ್ರುವರಿಯಿಂದ ತಾಯಂದಿರು ರಸ್ತೆ ಬದಿಯ ಚಪ್ಪರದಲ್ಲಿ ಧರಣಿ ಕೂತಿದ್ದಾರೆ. ಅವರ ಕೈಯಲ್ಲಿ ಮಕ್ಕಳ ಫೋಟೊ. ಕೆಲವರು, ಸೈನ್ಯಕ್ಕೆ ಶರಣಾಗಿರೆಂದು ಹೇಳಿದ್ದರಿಂದ ಮಗನನ್ನು ತಾವೇ ಕೈಹಿಡಿದು ಒಪ್ಪಿಸಿ ಬಂದವರು. ಅವರ ಪ್ರಶ್ನೆ ಸಣ್ಣದು: ಒಪ್ಪಿಸಿದವನು ಎಲ್ಲಿ? ಕಾಣೆಯಾದವರ ಕಚೇರಿಯ ಮೂಲಕ ಬೇಕಾದರೆ ‘ಗೈರುಹಾಜರಿ ಪ್ರಮಾಣಪತ್ರ’ ಸಿಗುತ್ತದೆ. ಕಾಣೆಯಾದವರೆಲ್ಲ ಸತ್ತಿದ್ದಾರೆಂದು ಗೊಟಬಯ 2020ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಗೆ ಹೇಳಿದರು. ಕೊಂದವರು ಯಾರು ಎಂದು ಮಾತ್ರ ಹೇಳಲಿಲ್ಲ. ಆಮೇಲೆ ತಲೆಗೊಂದು ಲಕ್ಷ ರೂಪಾಯಿ ಪರಿಹಾರವೆಂದರು, ಅದೂ ನಿಮ್ಮ ದೇಶದ ರೂಪಾಯಿ. ತಾಯಂದಿರು ಬೇಡವೆಂದರು. ಅವರಲ್ಲಿ ಅನೇಕರು ಈಗಾಗಲೇ ತೀರಿಕೊಂಡಿದ್ದಾರೆ, ಹೀಗಾಗಿ ನಿಮ್ಮ ಸಾಕ್ಷಿಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತ ಬರುತ್ತದೆ.

ತೊಂದರೆ ಕೊಡುವುದು ಮಣ್ಣು. ಜಾಫ್ನಾ ಬಳಿಯ ಚೆಮ್ಮಣಿಯಲ್ಲಿ ಹೆಣಗಳನ್ನು ಹೂತಿದ್ದಾರೆಂದು ಸೈನಿಕನೊಬ್ಬ 1998ರಲ್ಲೇ ಕೋರ್ಟಿನಲ್ಲಿ ಹೇಳಿದ್ದ. ಆಗ ಅಗೆದಾಗ ಸಿಕ್ಕಿದ್ದು 15. ಅಲ್ಲಿನ ಸ್ಮಶಾನದಲ್ಲಿ ಏನೋ ಕಟ್ಟಡದ ಕೆಲಸಕ್ಕೆ 2025ರಲ್ಲಿ ನೆಲ ಅಗೆದರೆ ಮತ್ತೆ ಮೂಳೆ, ಆಮೇಲೆ ಕೋರ್ಟಿನ ಅಪ್ಪಣೆಯಂತೆ ಅಗೆದದ್ದರಲ್ಲಿ 200ಕ್ಕೂ ಹೆಚ್ಚು ಅಸ್ಥಿಪಂಜರ. ಒಂದು ಮಗುವಿನ ಮೂಳೆಗಳ ಜೊತೆ ಯುನಿಸೆಫ್ ಹಂಚುವ ನೀಲಿ ಸ್ಕೂಲ್ ಬ್ಯಾಗು. ಆ ಮಗು ಯಾವ ಉಗ್ರ ಸಂಘಟನೆಯದೆಂದು ವರದಿಯಲ್ಲಿ ಬರೆಯುತ್ತೀರೋ, ಓದಲು ಕುತೂಹಲವಿದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯ ವಿಷಯವನ್ನೂ ಹೇಳಬೇಕಲ್ಲ. ಜಿನೀವಾದಲ್ಲಿ ಭಾರತ 2012, 2013ರಲ್ಲಿ ನಿಮ್ಮ ವಿರುದ್ಧ ಮತ ಹಾಕಿತು. 2014, 2021, 2022ರಲ್ಲಿ ಮತ ಹಾಕದೆ ಕೂತಿತು. ಚೀನಾ, ಬಂದರು, ತಮಿಳುನಾಡು ಎಂದು ಪಂಡಿತರು ಕಾರಣ ಕೊಡುತ್ತಾರೆ, ಇರಬಹುದು. ನನಗೆ ಮಾತ್ರ 1987ರ ದೀಪಾವಳಿ ನೆನಪಾಗುತ್ತದೆ. ಅಂದು ನಮ್ಮ ಶಾಂತಿಪಾಲನಾ ಪಡೆ ಜಾಫ್ನಾ ಆಸ್ಪತ್ರೆಗೆ ನುಗ್ಗಿತು. ಮರುದಿನ ಬೆಳಗಾಗುವಷ್ಟರಲ್ಲಿ ರೋಗಿಗಳು, ವೈದ್ಯರು, ದಾದಿಯರು ಸೇರಿ 60ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅದಕ್ಕಾಗಿ ದೆಹಲಿಯಲ್ಲಿ ಒಂದು ಆಯೋಗವೂ ಕೂತಿಲ್ಲ, ಅವಧಿ ವಿಸ್ತರಣೆಯ ಮಾತು ಹಾಗಿರಲಿ. ಆ ಲೆಕ್ಕದಲ್ಲಿ ನೀವೇ ನಮಗಿಂತ ಮುಂದಿದ್ದೀರಿ.

ನಿಮ್ಮ ನೇಮಕದ ಆದೇಶ ಬಂದ ಕೂಡಲೇ ಅದರದೊಂದು ಪ್ರತಿಯನ್ನು ನಮ್ಮ ವಿದೇಶಾಂಗ ಸಚಿವಾಲಯಕ್ಕೂ ಕಳಿಸಿಕೊಡಿ. ಹೇಗೆ ಬರೆಯಬೇಕೆಂದು ಮಾದರಿಯಾದರೂ ಆದೀತು.

ಇಂತಿ ತಮ್ಮ ವಿಶ್ವಾಸಿ,
ನೆರೆಯ ದೇಶದ ಕನ್ನಡಿಗ